ಬೇಲಿಯ ಹಣ್ಣು ಯಾರದು?

ನವೆಂಬರ್ 2ರ ಸಕಲ ಮೃತರ ಸ್ಮರಣೆಗೆ ಮುಂಚೆ ಸಮಾಧಿ ಭೂಮಿಯನ್ನು ಚೊಕ್ಕಟ ಮಾಡುವುದು ನಮ್ಮ ಧರ್ಮಕೇಂದ್ರದ ವಾಡಿಕೆ. ತಮಿಳು ಮಾತಾಡುವ ನಮ್ಮ ಬಂಧುಗಳು ಅದನ್ನು ಕಲ್ಲರೆ ಹಬ್ಬ ಎನ್ನುತ್ತಾರೆ. ಈಗ ನಮ್ಮ ಮನೆಗಳಲ್ಲೂ ಎರಡು ಹೆಸರೂ ಓಡಾಡುತ್ತವೆ. ಈ ಸಲವೂ ಒಂದು ಶನಿವಾರ ಬೆಳಿಗ್ಗೆ ಹದಿನೈದಿಪ್ಪತ್ತು ಜನ ಮಚ್ಚು, ಗುದ್ದಲಿ, ಮಂಕರಿ ಹಿಡಿದು ಸೇರಿದ್ದೆವು. ಹಿಂದಿನ ವಾರ ಮಳೆ ಬಿದ್ದಿದ್ದರಿಂದ ಮಣ್ಣು ಮೆತ್ತಗಿತ್ತು. ಹೆಂಗಸರು ಸಮಾಧಿಗಳ ಮೇಲಿನ ಹುಲ್ಲು ಕೀಳುತ್ತಿದ್ದರು. ಗಂಡಸರು ಬೇಲಿಗೆ ಕೈ ಹಾಕಿದ್ದೆವು.

ತೆಂಕಣ ಮೂಲೆಯಲ್ಲಿ ಲಂಟಾನದ ಪೊದೆ ಆಳೆತ್ತರ ಬೆಳೆದು ಎರಡು ಹಳೆಯ ಸಮಾಧಿಗಳನ್ನು ನುಂಗಿಬಿಟ್ಟಿತ್ತು. ಅದಕ್ಕೆ ಮಚ್ಚು ಹಾಕುವಾಗ, ಭಾನುವಾರದ ಧರ್ಮೋಪದೇಶ ತರಗತಿಗೆ ಬರುವ ಒಬ್ಬ ಹುಡುಗ ನನ್ನ ಪಕ್ಕ ನಿಂತು ಕೇಳಿದ: “ಸಾರ್, ಇದರ ಹಣ್ಣ ಹಕ್ಕಿ ತಿಂತವೆ. ಆ ಕಡೆ ಕಾರೆ ಹಣ್ಣನ್ನೂ ತಿಂತವೆ. ಅದನ್ನ ಬುಟ್ಟು ಇದನ್ನ ಯಾಕ್ ಕೀಳದು?”

ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಉತ್ತರ ತಡವಾದರೆ ಮಕ್ಕಳು ನಮ್ಮನ್ನು ಹಿಡಿದುಬಿಡುತ್ತಾರೆಂದು ಗೊತ್ತಿತ್ತು. ತಟ್ಟನೆ ಹೇಳಿದೆ: “ಇದು ನಮ್ಮದಲ್ಲ ಕನಪ್ಪ, ಪರದೇಶದಿಂದ ಬಂದದ್ದು.”

ಗುದ್ದಲಿ ಹಿಡಿದಿದ್ದ ಹಿರಿಯರೊಬ್ಬರು ಅಲ್ಲಿಂದಲೇ ಅಂದರು: “ಪರದೇಶದ್ದು ಅಂತ ಕೀಳಕ್ಕ ಸುರು ಮಾಡಿದ್ರೆ ಮೇಷ್ಟ್ರೆ, ನಾಳ ನಮ್ಮನ್ನೂ ಕಿತ್ತಾಕ್ಬುಟ್ಟಾರು!” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಾನು ಕೊಟ್ಟ ಉತ್ತರ ಸರಿಯಲ್ಲವೆಂದು ಅಲ್ಲೇ ಗೊತ್ತಾಯಿತು. ಸರಿಯಾದದ್ದು ಯಾವುದೆಂದು ಮಾತ್ರ ಹೊಳೆಯಲಿಲ್ಲ. ಪತ್ರಿಕೆಗೆ ಏನಾದರೂ ಬರೆಯಿರಿ ಎಂದು ಸ್ವಾಮಿಗಳು ಕೇಳಿದಾಗ ಇದನ್ನೇ ಯೋಚಿಸಿ ನೋಡೋಣ ಎನ್ನಿಸಿತು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಪಾಲನಾ ಸಮಿತಿಯ ಮುಂದೆ ಈಗ ಒಂದು ಸಲಹೆ ಇದೆ: ಜೆಸಿಬಿ ತರಿಸಿ ಒಂದೇ ದಿನದಲ್ಲಿ ಬೇಲಿ ಪೂರಾ ಬೋಳಿಸಿ, ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆಸುವುದು. ದನ ಒಳಗೆ ನುಗ್ಗುತ್ತದೆ, ಹಂದಿ ಸಮಾಧಿ ಕೆದಕುತ್ತದೆ, ಹಾವಿನ ಭಯ ಬೇರೆ ಎನ್ನುವ ಮಾತುಗಳಲ್ಲಿ ಸುಳ್ಳಿಲ್ಲ.

ಹಾಗಾದರೆ ಬೋಳಿಸಬೇಕೆನ್ನುವ ಆ ಬೇಲಿಯಲ್ಲಿ ಏನೇನಿದೆ ಎಂದು ಮೊದಲು ನೋಡೋಣ. ಮಾರನೆಯ ವಾರ ನಾನೊಬ್ಬನೇ ಹೋಗಿ ಒಂದು ಸುತ್ತು ಹಾಕಿದೆ. ಕಾರೆ ಇದೆ, ಜೋಡಿ ಜೋಡಿ ಮುಳ್ಳಿನದು, ಹಳದಿ ಹಣ್ಣಿನದು. ಚಿಕ್ಕಂದಿನಲ್ಲಿ ಅದನ್ನು ಚಡ್ಡಿ ಜೇಬಿನಲ್ಲಿ ತುಂಬಿಕೊಂಡು ಪೂಜೆಗೆ ಬಂದು, ಮಂಡಿಯೂರುವಾಗ ಅಪ್ಪಚ್ಚಿ ಮಾಡಿಕೊಂಡು ಅವ್ವನ ಕೈಲಿ ಏಟು ತಿಂದವರು ನಮ್ಮಲ್ಲಿ ಇನ್ನೂ ಇದ್ದಾರೆ. ಕವಳೆ ಇದೆ, ಬಿಳಿ ಹೂ, ಕಿತ್ತರೆ ಹಾಲು, ಕಾಯಿ ಕೆಂಪಾಗಿ ಆಮೇಲೆ ಕಪ್ಪಾಗುವಂಥದ್ದು. ಬಟ್ಟೆ ಹಿಡಿದರೆ ಬಿಡದ ಸೂರಿಮುಳ್ಳು, ಅದರ ದೊಡ್ಡಣ್ಣ ಎಲಚಿ. ನೆಲಕ್ಕೆ ಅಂಟಿಕೊಂಡಂತೆ ಕಾಕಿಗಿಡ. ಗೇಟಿನ ಹತ್ತಿರ ಬಸರಿ ಮರ, ಅಲ್ಲಲ್ಲಿ ಬೇವು. ಇವುಗಳಲ್ಲಿ ಒಂದನ್ನೂ ಮನುಷ್ಯರು ನೆಟ್ಟಿಲ್ಲ. ಹಿರಿಯರು ಹೇಳುವಂತೆ, ಮೊದಲು ಆ ಜಾಗದ ಸುತ್ತ ಬರೀ ಒಣಮುಳ್ಳು ಕಡಿದು ಹಾಸಿದ್ದರಂತೆ. ಮುಳ್ಳಿನ ಮೇಲೆ ಹಕ್ಕಿ ಕೂತವು. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಒಣಬೇಲಿ ಹಸಿರುಬೇಲಿಯಾಯಿತು. ಊರಿನ ಹೊಲಗಳಲ್ಲೂ ಹೀಗೇ ಅಲ್ಲವೇ? ಕರೆಂಟಿನ ತಂತಿಯ ಕೆಳಗೆ ಸಾಲಾಗಿ ಬೇವು ಹುಟ್ಟುವುದನ್ನು ನೀವೂ ನೋಡಿದ್ದೀರಿ.

ಇದರೊಳಗಿನ ವ್ಯವಹಾರ ಸರಳವಾದದ್ದು. ಗಿಡಕ್ಕೆ ಕಾಲಿಲ್ಲ. ತಾಯಿಗಿಡದ ಬುಡದಲ್ಲೇ ಬೀಜ ಬಿದ್ದರೆ ಬಿಸಿಲು ಸಾಲದು, ನೀರು ಸಾಲದು, ಮರಿಗಳು ಒಂದನ್ನೊಂದು ತಿನ್ನುತ್ತವೆ. ಅದಕ್ಕೆ ಗಿಡ ಬೀಜದ ಸುತ್ತ ಸಿಹಿ ತಿರುಳು ಕಟ್ಟಿ, ಬಣ್ಣ ಹಚ್ಚಿ ಹಕ್ಕಿಯನ್ನು ಕರೆಯುತ್ತದೆ. ತಿರುಳು ಕೂಲಿ, ಬೀಜ ಹೊರೆ. ಪಿಕಳಾರ, ಕುಟ್ರುಹಕ್ಕಿ, ಕೋಗಿಲೆ, ಗೊರವಂಕ ಹಣ್ಣು ನುಂಗಿ ಇನ್ನೆಲ್ಲೋ ಹೋಗಿ ಕೂರುತ್ತವೆ. ತಿರುಳು ಕಳಚಿದ ಬೀಜ ಹಿಕ್ಕೆಯ ಜೊತೆ ಬೀಳುತ್ತದೆ. ತಿಂದವರೆಲ್ಲ ಬಿತ್ತುತ್ತಾರೆ ಎಂದುಕೊಳ್ಳಬೇಡಿ. ಹಸಿರು ಪಾರಿವಾಳ ಬಸರಿ ಹಣ್ಣಿಗೆ ಹಿಂಡುಗಟ್ಟಿ ಬರುತ್ತದೆ, ಆದರೆ ಅದರ ಹೊಟ್ಟೆ ಸಣ್ಣ ಬೀಜವನ್ನು ಅರೆದು ಹಿಟ್ಟು ಮಾಡಿಬಿಡುತ್ತದೆ. ಮರ ಅದಕ್ಕೂ ಹಣ್ಣು ಕೊಡುತ್ತದೆ.

ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ಯೇಸು ಆಕಾಶದ ಹಕ್ಕಿಗಳನ್ನು ನೋಡಲು ಹೇಳುತ್ತಾರೆ. ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಕಣಜ ತುಂಬುವುದಿಲ್ಲ. ಆದರೂ ಸ್ವರ್ಗದ ತಂದೆ ಅವುಗಳಿಗೆ ಉಣಿಸುತ್ತಾರೆ ಎಂಬ ಅರ್ಥದ ಮಾತು ಅದು. ತರಗತಿಯಲ್ಲಿ ಇದನ್ನು ಓದಿಸಿದಾಗ ಜಾಣ ಹುಡುಗಿಯೊಬ್ಬಳು, “ಆದರೆ ಹಕ್ಕಿ ಬಿತ್ತುತ್ತವಲ್ಲ ಸಾರ್?” ಎಂದಿದ್ದಳು. ಹೌದು, ಬಿತ್ತುತ್ತವೆ, ಬಿತ್ತುತ್ತಿದ್ದೇವೆ ಎಂಬ ಲೆಕ್ಕವಿಲ್ಲದೆ ಬಿತ್ತುತ್ತವೆ. ಪ್ರಭು ಅಲ್ಲಿ ಹೇಳುತ್ತಿದ್ದದ್ದು ನಾಳೆಯ ಚಿಂತೆಯ ಬಗ್ಗೆ. ಇಂದು ತಿಂದ ಹಣ್ಣಿನಿಂದ ಇಪ್ಪತ್ತು ವರ್ಷದ ನಂತರ ಮರವಾಗುತ್ತದೆಂದು ಪಿಕಳಾರ ಚಿಂತಿಸುವುದಿಲ್ಲ. ಆದರೂ ನಮ್ಮ ಸಮಾಧಿ ಭೂಮಿಗೆ ಬೇಲಿ ಕಟ್ಟಿದ್ದು ಅದೇ.

ಹಾಗಾದರೆ ಯಾರೂ ನೆಡದ ಗಿಡ ಯಾರದು? ಇದಕ್ಕೆ ನನ್ನ ಬಳಿ ಒಂದು ಹಳೆಯ ಕಥೆ ಇದೆ. ಹೇಳಿಕೊಳ್ಳಲು ಹೆಮ್ಮೆಯೇನಿಲ್ಲ.

ನಾನು ಹದಿನಾರು ವರ್ಷದವನಿದ್ದಾಗ ನಮ್ಮ ಹೊಲದ ಬದುವಿನಲ್ಲಿ ಒಂದು ಗಂಧದ ಸಸಿ ಎದ್ದಿತ್ತು. ಗಂಧದ ಹಣ್ಣು ಬಟಾಣಿಯಷ್ಟು, ಮಾಗಿದರೆ ಕಪ್ಪು ನೇರಳೆ ಬಣ್ಣ, ಒಳಗೆ ಒಂದೇ ಬೀಜ. ಹಕ್ಕಿಗಳಿಗೆ ಅದು ಬಲು ಇಷ್ಟ. ಕಾಡಿನಲ್ಲಿ ಗಂಧ ಹರಡುವುದು ಬಹುಮಟ್ಟಿಗೆ ಅವುಗಳಿಂದಲೇ. ಅದು ಒಂಟಿಯಾಗಿ ಬೆಳೆಯುವ ಮರವೂ ಅಲ್ಲ, ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿಸಿ ಸ್ವಲ್ಪ ಆಹಾರ ಎಳೆದುಕೊಳ್ಳುತ್ತದೆ. ಹಾಗಾಗಿ ಬೇಲಿಸಾಲು ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಪ್ಪ ಸಸಿಯನ್ನು ನೋಡಿದ್ದೇ ತಡ, “ಕಿತ್ತಾಕು” ಎಂದರು. ಯಾಕೆಂದು ಕೇಳಿದ್ದಕ್ಕೆ, “ದೊಡ್ಡದಾದ್ರೆ ಸರ್ಕಾರದ್ದು. ಯಾರಾರ ರಾತ್ರಿ ಕಡ್ಕೊಂಡು ಹೋದ್ರೆ ಜವಾಬು ಹೇಳಬೇಕಾದೋರು ನಾವು” ಎಂದರು. ಕಿತ್ತೆ. ಬೇರಿನ ವಾಸನೆ ಕೈಯಲ್ಲಿ ಉಳಿಯುತ್ತದೇನೋ ಎಂದು ಮೂಸಿ ನೋಡಿದ್ದೂ ನೆನಪಿದೆ. ಎಳೆಯ ಸಸಿಗೆ ಆ ವಾಸನೆ ಇರುವುದಿಲ್ಲ.

ಅಪ್ಪ ಸುಳ್ಳು ಹೇಳಿರಲಿಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಗಂಧ ರಾಜಮರವಾಯಿತು. ಆಮೇಲೆ ಬಂದ ಆಡಳಿತಗಳೂ ಅದನ್ನೇ ಮುಂದುವರಿಸಿದವು. ಯಾರ ಹೊಲದಲ್ಲಿ ಹುಟ್ಟಿದರೂ ಮರ ದೊರೆಯದು. ಕರ್ನಾಟಕದಲ್ಲಿ 2001ರಲ್ಲಿ, ತಮಿಳುನಾಡಿನಲ್ಲಿ 2002ರಲ್ಲಿ ಕಾನೂನು ಬದಲಾಗಿ ಹೊಲದವನಿಗೆ ಮರದ ಮೇಲೆ ಹಕ್ಕು ಬಂತು. ಕಡಿಯಲು ಈಗಲೂ ಅನುಮತಿ ಬೇಕು. ಗಂಧದ ಹೆಸರೆತ್ತಿದರೆ ನಮ್ಮ ತಾಳವಾಡಿ, ಗಾಜನೂರು ಕಡೆ ಜನಕ್ಕೆ ನೆನಪಾಗುವುದು ಬೇರೆಯೇ ಕಥೆ. 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದ ಮೇಲೆ ಎಷ್ಟು ತಿಂಗಳು ಈ ಬೆಟ್ಟದ ರಸ್ತೆಗಳಲ್ಲಿ ಭಯ ಕೂತಿತ್ತೆಂದು ನಾನು ಹೇಳಬೇಕಾಗಿಲ್ಲ. ಆ ಹಿಂಸೆಯ ಹಿಂದೆ ಗಂಧದ ಹಣವಿತ್ತು. ಹಕ್ಕಿ ಬಿಟ್ಟಿಯಾಗಿ ಬಿತ್ತಿದ ಮರ ಅದು.

ಬಿಟ್ಟಿಯಾಗಿ ಬಂದದ್ದನ್ನು ಇಟ್ಟುಕೊಳ್ಳುವುದು ಹೇಗೆಂದು ಹಳೆಯ ಒಡಂಬಡಿಕೆ ಚೆನ್ನಾಗಿ ಯೋಚಿಸಿದೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಹೊಲದ ಅಂಚಿನವರೆಗೂ ಕೊಯ್ಯಬಾರದು, ದ್ರಾಕ್ಷಿತೋಟದಲ್ಲಿ ಉದುರಿದ್ದನ್ನು ಆರಿಸಿಕೊಳ್ಳಬಾರದು, ಅದು ಬಡವರಿಗೂ ಪರದೇಶಿಗೂ ಎಂಬ ವಿಧಿ ಇದೆ. ವಿಮೋಚನಾಕಾಂಡದ 23ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ: ಏಳನೆಯ ವರ್ಷ ನೆಲ ಬೀಳು ಬಿಡಬೇಕು, ಅದರಲ್ಲಿ ಬೆಳೆದದ್ದನ್ನು ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡಿನ ಪ್ರಾಣಿಗಳು ತಿನ್ನಲಿ. ಹೊಲದ ನಡುಭಾಗ ನಮ್ಮದು, ಅಂಚು ಪೂರ್ತಿ ನಮ್ಮದಲ್ಲ. ಹೊಲಕ್ಕೆ ಅಂಚೆಂದರೆ ಬೇಲಿಯೇ ತಾನೆ? ನಮ್ಮ ಅಜ್ಜಂದಿರು ಈ ವಾಕ್ಯಗಳನ್ನು ಓದಿದವರಲ್ಲ. ಆದರೂ ರಾಗಿ ಹೊಲದ ಬದುವಿಗೆ ಎರಡಾಳು ಅಗಲ ಬಿಡುತ್ತಿದ್ದರು. ಈಗ ನಾವು ಕೋಸು, ಟೊಮ್ಯಾಟೊ, ಮುಸುಕಿನ ಜೋಳಕ್ಕೆ ಬದುವನ್ನೂ ಉತ್ತುಬಿಟ್ಟಿದ್ದೇವೆ. ಬದು ಉತ್ತವರಲ್ಲಿ ನಾನೂ ಒಬ್ಬ.

ಈಗ ಲಂಟಾನಕ್ಕೆ ಬರೋಣ. ಹುಡುಗನ ಪ್ರಶ್ನೆ ಇದ್ದದ್ದೇ ಅಲ್ಲಿ. ತಮಿಳಿನವರ ಉಣ್ಣಿಚೆಡಿ ಇದೇ. ಅಮೆರಿಕ ಖಂಡದ ಉಷ್ಣವಲಯದ ಗಿಡ. 19ನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಅಂದಕ್ಕಾಗಿ ತಂದರು. ಅಲ್ಲಿಂದ ಅದು ದೇಶ ತುಂಬಿದ್ದರಲ್ಲಿ ಹಕ್ಕಿಗಳ ಪಾಲು ದೊಡ್ಡದು, ಮುಖ್ಯವಾಗಿ ನಮ್ಮ ಪಿಕಳಾರಗಳದು. ಹಕ್ಕಿಗೆ ಇದು ಸ್ವದೇಶಿ, ಇದು ವಿದೇಶಿ ಎಂಬ ಭೇದವಿಲ್ಲ. ಗಂಧ ಬಿತ್ತಿದ ಕೊಕ್ಕೇ ಲಂಟಾನವನ್ನೂ ಬಿತ್ತಿತು. ನಮ್ಮ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಸಂಶೋಧಕರು ಲೆಕ್ಕ ಹಾಕಿದರು. ಹನ್ನೊಂದು ವರ್ಷದಲ್ಲಿ ಲಂಟಾನ ಕಾಣುವ ಜಾಗಗಳು ಎರಡು ಪಟ್ಟಾಗಿದ್ದವು. ಅದರ ದಟ್ಟಣೆ ಸುಮಾರು ನಾಲ್ಕು ಪಟ್ಟಾಗಿತ್ತು. ದಿಂಬಂ ಘಾಟಿಯ 27 ತಿರುವು ಹತ್ತಿ ಹಾಸನೂರಿನ ಕಡೆ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದರೂ ಸಾಕು, ಮರಗಳ ಕೆಳಗೆಲ್ಲ ಅದೇ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ನೆಲ್ಲಿಯ ಮರಿ ಏಳುವುದಿಲ್ಲ. ಸೊಪ್ಪು ಮೇಯ್ದ ದನ ಕಾಯಿಲೆ ಬೀಳುತ್ತದೆ. ಬೇಸಿಗೆಯಲ್ಲಿ ಅದು ಬೆಂಕಿಗೆ ಏಣಿಯಾಗುತ್ತದೆ: ನೆಲದಲ್ಲಿ ಹರಿದು ಹೋಗಬೇಕಾದ ಬೆಂಕಿ ಪೊದೆ ಹತ್ತಿ ಮರದ ನೆತ್ತಿ ಮುಟ್ಟುತ್ತದೆ.

ಇಷ್ಟಾದರೂ ‘ಪರದೇಶದ್ದು’ ಎಂದ ನನ್ನ ಉತ್ತರ ತಪ್ಪೇ. ಯಾಕೆ ಹೇಳುತ್ತೇನೆಂದರೆ, ನಮ್ಮ ಊಟದ ತಟ್ಟೆ ನೋಡಿ. ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು. ಹುಣಸೆಯೂ ಆಫ್ರಿಕದ ಮರವೇ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗೆಡ್ಡೆ, ಜೋಳದಲ್ಲಿ ಮುಸುಕಿನ ಜೋಳ ಇವೆಲ್ಲ ಅಮೆರಿಕದಿಂದ ಹಡಗು ಹತ್ತಿ ಬಂದವು. ಬಲಿಪೀಠಕ್ಕೆ ನಾವು ಪೋಣಿಸುವ ಚೆಂಡುಹೂವೂ ಅಲ್ಲಿಯದೇ. ಮೆಣಸಿನಕಾಯಿ ಕಿತ್ತುಹಾಕಿ ಎಂದು ಯಾರೂ ಶ್ರಮದಾನ ಮಾಡಿದ್ದು ನಾನು ಕಾಣೆ.

ಗಿಡ ಬಿಟ್ಟು ನಮ್ಮ ವಿಷಯಕ್ಕೆ ಬಂದರೆ, ಆ ಹಿರಿಯರ ತಮಾಷೆಯಲ್ಲಿ ಮುಳ್ಳಿದೆ. ನಾವು ಕ್ರೈಸ್ತರು, ನಮ್ಮದು ಹೊರಗಿನ ಧರ್ಮವೆಂದು ಅನ್ನಿಸಿಕೊಳ್ಳುವುದು ನಮಗೆ ಹೊಸದಲ್ಲ. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಶ್ರೀರಂಗಪಟ್ಟಣಕ್ಕೆ ಬಂದು, ಸನ್ಯಾಸಿಯಂತೆ ಬದುಕಿ, ಕನ್ನಡ ಕಲಿತು, ಕನ್ನಡದಲ್ಲೇ ಬರೆದರು. ಬೀಜ ಹೊರಗಿನಿಂದ ಬಂತು, ನಿಜ. ಆದರೆ ಮೂರುವರೆ ಶತಮಾನದಿಂದ ಈ ಸೀಮೆಯ ಕನ್ನಡದಲ್ಲಿ ಪ್ರಾರ್ಥನೆ ಹೇಳಿಕೊಂಡವರನ್ನು ಯಾವ ದೇಶದವರು ಎನ್ನುತ್ತೀರಿ? ಇನ್ನೊಂದು ಕಡೆ, ನಾವು ಕನ್ನಡಿಗರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ನಾವು ಎಲ್ಲಿಗೂ ಹೋಗಲಿಲ್ಲ, ಗೆರೆ ನಮ್ಮ ಹತ್ತಿರ ಬಂತು. ಅಂದಿನಿಂದ ಈರೋಡಿನ ಕಚೇರಿಗೆ ಹೋದರೆ ನಮ್ಮ ತಮಿಳು ಕೇಳಿ ನಗುತ್ತಾರೆ, ಚಾಮರಾಜನಗರಕ್ಕೆ ಹೋದರೆ ರೇಷನ್ ಕಾರ್ಡು ನೋಡಿ ‘ನೀವು ಆ ಕಡೆಯವರು’ ಎನ್ನುತ್ತಾರೆ. ಹುಟ್ಟಿದ ಜಾಗ ನೋಡಿ ಯಾರು ಇರಬೇಕು, ಯಾರು ಹೋಗಬೇಕೆಂದು ತೀರ್ಮಾನಿಸುವ ಅಳತೆಗೋಲನ್ನು ನಾವು ಗಿಡದ ಮೇಲೆ ಹಿಡಿದರೂ ಅದು ನಮ್ಮ ಮೇಲೇ ತಿರುಗುತ್ತದೆ. ಪರದೇಶಿಯನ್ನು ಸ್ವದೇಶದವನಂತೆಯೇ ಕಾಣಬೇಕೆಂದು ಇಸ್ರಯೇಲರಿಗೆ ಅದೇ ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಲ್ಲ ಎಂಬ ಕಾರಣವನ್ನೂ ಕೊಡುತ್ತದೆ.

ಹಾಗೆಂದು ಹುಟ್ಟಿನಿಂದ ಸ್ವದೇಶಿಯಾದದ್ದೆಲ್ಲ ಸಾಧುವೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ಉಪ್ಪಿಲು’ ಎಂದು ಕರೆಯುವ ಬದನಿಕೆ ಇಲ್ಲಿನದೇ ಸಸ್ಯ. ಅದರ ಹಣ್ಣನ್ನು ತಿನ್ನುವ ಪುಟ್ಟ ಹಕ್ಕಿಗೂ ಬದನಿಕೆ ಹಕ್ಕಿ ಎಂದೇ ಹೆಸರು. ಬೀಜ ಅಂಟಂಟು, ಹಕ್ಕಿ ಅದನ್ನು ಕೊಂಬೆಗೆ ಒರೆಸುತ್ತದೆ, ಅಲ್ಲೇ ಅದು ಬೇರಿಳಿಸಿ ಮರದ ರಸ ಹೀರುತ್ತದೆ. ನೆಲ್ಲಿ ಮರಗಳು ಅದರಿಂದ ಸೊರಗಿ ಸಾಯುತ್ತಿವೆ ಎಂದು, ನೆಲ್ಲಿಕಾಯಿ ಆರಿಸಿ ಬದುಕುವ ಸೋಲಿಗರು ಬಹಳ ಹಿಂದೆಯೇ ಹೇಳಿದ್ದರು. ಬೇಸಿಗೆ ಬಲಿಯುವ ಮುಂಚೆಯೇ ತರಗೆಲೆಗೆ ಹಗುರವಾದ ಬೆಂಕಿ ಹಾಕುವ ಅವರ ಹಳೆಯ ರೂಢಿಗೆ ‘ತರಗು ಬೆಂಕಿ’ ಎಂದು ಹೆಸರು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತುಹೋಯಿತು. ಬೆಂಕಿ ನಿಂತ ಮೇಲೆಯೇ ಉಪ್ಪಿಲೂ ಲಂಟಾನವೂ ಕೈಮೀರಿದವು ಎನ್ನುವುದು ಅವರ ವಾದ. ಓದಿದವರು ಅದಕ್ಕೆ ಕಿವಿಗೊಟ್ಟದ್ದು ತಡವಾಗಿ. ಇದನ್ನು ಓದಿ ಯಾರೂ ಬೇಲಿಗೆ ಬೆಂಕಿ ಇಡಬೇಡಿ. ಎಲ್ಲಿ, ಯಾವ ತಿಂಗಳು, ಎಷ್ಟು ಎಂದು ತಲೆತಲಾಂತರದಿಂದ ಬಲ್ಲವರ ಕೆಲಸ ಅದು.

ಹೊರಗಿನ ಹುಣಸೆ ಒಳ್ಳೆಯದು, ಒಳಗಿನ ಉಪ್ಪಿಲು ಮಿತಿ ಮೀರಿದರೆ ಕೆಡುಕು. ಹಕ್ಕಿಗೆ ಹಣ್ಣು ಕೊಡುವುದೊಂದೇ ಗುಣವಾದರೆ ಲಂಟಾನಕ್ಕೂ ಅದಿದೆ. ಹಾಗಾದರೆ ಕಾರೆಗೂ ಲಂಟಾನಕ್ಕೂ ಇರುವ ವ್ಯತ್ಯಾಸ ಏನು?

ಮತ್ತೆ ಬೇಲಿಯ ಹತ್ತಿರ ಹೋದೆ. ಈ ಸಲ ಗಿಡಗಳನ್ನು ಬಿಟ್ಟು ಅವುಗಳ ಬುಡ ನೋಡಿದೆ. ಕಾರೆಯ ಬುಡದಲ್ಲಿ ಹುಲ್ಲಿತ್ತು, ಎರಡು ಬೇವಿನ ಮರಿ ಇದ್ದವು, ತೊಂಡೆ ಬಳ್ಳಿಯೊಂದು ಅದನ್ನೇ ಹಿಡಿದು ಹತ್ತಿತ್ತು. ಕವಳೆಯ ಒಳಗೆ ಯಾವುದೋ ಹಕ್ಕಿಯ ಹಳೆಯ ಗೂಡು. ಕಾರೆ ತನ್ನ ಕಾಲದಲ್ಲಿ ಹಣ್ಣು ಕೊಟ್ಟು ಸುಮ್ಮನಾಗುತ್ತದೆ. ಆಗ ಎಲಚಿಯ ಸರದಿ, ಮುಂಗಾರಿನ ಹೊತ್ತಿಗೆ ಕವಳೆ, ನೇರಳೆ. ನಡುವೆ ಏನೂ ಇಲ್ಲದ ದಿನಗಳಲ್ಲಿ ಅತ್ತಿ, ಬಸರಿ, ಆಲಗಳಲ್ಲಿ ಯಾವುದೋ ಒಂದು ಮರ ಎಲ್ಲೋ ಒಂದು ಕಡೆ ಹಣ್ಣು ಹೊತ್ತಿರುತ್ತದೆ, ಏಕೆಂದರೆ ಅವು ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ. ಹೀಗೆ ಪಂಕ್ತಿ ಊಟದಲ್ಲಿ ಒಬ್ಬರಾದ ಮೇಲೆ ಒಬ್ಬರು ಬಡಿಸಿದಂತೆ ವರ್ಷ ತುಂಬುತ್ತದೆ. ಲಂಟಾನದ ಬುಡದಲ್ಲಿ ನೋಡಿದೆ. ಒಣಕಡ್ಡಿ, ಬರಿ ಮಣ್ಣು. ಅದು ಹೆಚ್ಚುಕಡಿಮೆ ವರ್ಷವಿಡೀ ತಾನೊಬ್ಬನೇ ಬಡಿಸುತ್ತದೆ, ಬೇರೆಯವರಿಗೆ ಸೌಟು ಕೊಡುವುದಿಲ್ಲ.

ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ ಇದು ಎಂದು ನನಗನ್ನಿಸುತ್ತದೆ: ಅದು ಎಲ್ಲಿಂದ ಬಂತೆಂದು ಕೇಳಬೇಡ, ಅದರ ಬುಡದಲ್ಲಿ ಬೇರೆ ಯಾರಿಗೆ ಜಾಗ ಇದೆ ನೋಡು.

ಇದಕ್ಕೊಂದು ತಕರಾರು ನನಗೇ ಹೊಳೆಯಿತು. ದೇವರ ರಾಜ್ಯವನ್ನು ಪ್ರಭು ಸಾಸಿವೆ ಕಾಳಿಗೆ ಹೋಲಿಸಿದ್ದಾರೆ. ಅದು ಬೆಳೆದು ದೊಡ್ಡದಾಗಿ ಹಕ್ಕಿಗಳು ಬಂದು ಕೊಂಬೆಗಳಲ್ಲಿ ನೆಲೆಸುತ್ತವೆ. ಸಾಸಿವೆ ಆ ಕಾಲದಲ್ಲಿ ತೋಟಗಾರರಿಗೆ ತಲೆನೋವಿನ ಗಿಡ. ಒಮ್ಮೆ ಬಿತ್ತಿದರೆ ಆ ನೆಲದಿಂದ ಅದನ್ನು ಬಿಡಿಸುವುದೇ ಕಷ್ಟವೆಂಬ ಅರ್ಥದಲ್ಲಿ, ಯೇಸುವಿನ ಶತಮಾನದವನೇ ಆದ ರೋಮಿನ ಪ್ಲಿನಿ ಬರೆದಿದ್ದಾನೆ. ಹಾಗಿದ್ದಮೇಲೆ ಹಬ್ಬುವ ಗಿಡವನ್ನೇ ಪ್ರಭು ಆರಿಸಿಕೊಂಡರಲ್ಲ, ಲಂಟಾನ ಏನು ಪಾಪ ಮಾಡಿತು? ಈ ತಕರಾರನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ದೇವರ ರಾಜ್ಯ ನಮ್ಮ ಪಾತಿಯ ಗೆರೆ ಕೇಳಿಕೊಂಡು ಬೆಳೆಯುವುದಿಲ್ಲ ಎನ್ನುವುದೂ ಆ ಸಾಮತಿಯಲ್ಲಿದೆ. ಆದರೆ ಸಾಸಿವೆ ಒಂದು ವರ್ಷದ ಗಿಡ. ಎಷ್ಟೇ ಎತ್ತರ ಬೆಳೆದರೂ ಒಣಗಿ ನೆಲ ಬಿಟ್ಟುಕೊಡುತ್ತದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1979ರಲ್ಲಿ ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಆ ಸಂತರ ಹೆಸರನ್ನೇ ಇಟ್ಟುಕೊಂಡ ಫ್ರಾನ್ಸಿಸ್ ಜಗದ್ಗುರುಗಳು 2015ರ ‘ಲೌದಾತೊ ಸಿ’ ಪತ್ರದಲ್ಲಿ ಪ್ರತಿಯೊಂದು ಜೀವಿಗೂ ನಮ್ಮ ಉಪಯೋಗವನ್ನು ಮೀರಿದ ಬೆಲೆ ದೇವರ ಮುಂದೆ ಇದೆಯೆಂದು ಬರೆದರು. ಇದನ್ನು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಕಾರೆಯ ಪೊದೆ ಮುಂದೆ ನಿಂತಾಗ ನಮಗೆ ಕಾಣುವುದು ಮುಳ್ಳು. ಸೌದೆಗಿಲ್ಲ, ಮಾರಾಟಕ್ಕಿಲ್ಲ, ಯಾರೂ ಕದಿಯುವುದಿಲ್ಲ. ಗಂಧಕ್ಕೆ ಬೆಲೆ ಹೆಚ್ಚಾಗಿ ಕಷ್ಟ ಬಂತು, ಕಾರೆಗೆ ಬೆಲೆಯೇ ಇಲ್ಲದೆ ಜೆಸಿಬಿ ಬರುತ್ತಿದೆ.

ಮತ್ತಾಯನ 13ನೆಯ ಅಧ್ಯಾಯದಲ್ಲಿ ಸಾಸಿವೆಯ ಸಾಮತಿಗೆ ಸ್ವಲ್ಪ ಮುಂಚೆ ಗೋಧಿಯ ನಡುವೆ ಬೆಳೆದ ಕಳೆಯ ಸಾಮತಿ ಬರುತ್ತದೆ. ಆಳುಗಳು ಕಳೆ ಕೀಳಲು ಹೊರಟಾಗ ಯಜಮಾನ ತಡೆಯುತ್ತಾನೆ, ಅದರ ಜೊತೆ ಗೋಧಿಯೂ ಕಿತ್ತು ಬಂದೀತೆಂದು. ಸುಗ್ಗಿಯವರೆಗೆ ಕಾಯಬೇಕೆಂದು ಅಲ್ಲಿದೆ. ಲಂಟಾನವನ್ನು ಹಾಗೆ ಕಾಯುತ್ತ ಕೂರಲಾಗದು. ಆದರೆ ಆ ಯಜಮಾನನ ಅಂಜಿಕೆ ನಮ್ಮ ಬೇಲಿಗೆ ಹೊಂದುತ್ತದೆ. ಜೆಸಿಬಿಯ ಹಲ್ಲಿಗೆ ಲಂಟಾನವೂ ಒಂದೇ ಕವಳೆಯೂ ಒಂದೇ. ಬೋಳಾದ ನೆಲಕ್ಕೆ ಮೊದಲು ಬರುವುದು ಮತ್ತೆ ಲಂಟಾನವೇ, ಏಕೆಂದರೆ ಸುತ್ತಲಿನ ಕಾಡಿನಿಂದ ಪಿಕಳಾರ ತರುವ ಬೀಜದಲ್ಲಿ ಹೆಚ್ಚಿನದು ಅದೇ. ತಂತಿಯ ಮೇಲೂ ಹಕ್ಕಿ ಕೂರುತ್ತವೆ. ಎರಡು ವರ್ಷದಲ್ಲಿ ತಂತಿಗೆ ಲಂಟಾನ ಹಬ್ಬಿದ್ದನ್ನು ನಮ್ಮ ಹೊಲಗಳ ಸೋಲಾರ್ ಬೇಲಿಯಲ್ಲೇ ಕಂಡಿದ್ದೇವೆ.

ಕೈಯಿಂದ ಕೀಳುವುದಕ್ಕೂ ಒಂದು ಕ್ರಮ ಇದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಢಿಗೆ ತಂದದ್ದು. ಮೇಲಿನ ಕೊಂಬೆ ಸವರಿದರೆ ಪ್ರಯೋಜನವಿಲ್ಲ, ಬುಡದಿಂದ ಹತ್ತು ಚಿಗುರು ಬರುತ್ತದೆ. ಮಣ್ಣಿನ ಮಟ್ಟಕ್ಕಿಂತ ಎರಡು ಬೆರಳಷ್ಟು ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಎತ್ತಿ ಬುಡ ಮೇಲಾಗಿ ಒಣಗಲು ಇಡಬೇಕು. ಖಾಲಿಯಾದ ಜಾಗದಲ್ಲಿ ಕೂಡಲೇ ಬೇರೆ ಗಿಡ ಕೂರಿಸಬೇಕು. ಎಲ್ಲವನ್ನೂ ಒಂದೇ ಸಲ ಕಿತ್ತರೆ ಈಗ ಅದರಲ್ಲಿ ಗೂಡು ಕಟ್ಟಿಕೊಂಡಿರುವ ಹಕ್ಕಿಗಳು ಬೀದಿಗೆ ಬೀಳುತ್ತವೆ. ಆದ್ದರಿಂದ ವರ್ಷಕ್ಕೊಂದು ಬದಿ. ನಾಲ್ಕು ಬದಿಗೆ ನಾಲ್ಕು ವರ್ಷ. ಸಮಿತಿಗೆ ನಾನು ಕೊಟ್ಟ ಕಾಗದದಲ್ಲಿ ಇಷ್ಟೇ ಇದೆ. ತಂತಿ ಬೇಡವೆಂದೂ ನಾನು ಬರೆದಿಲ್ಲ. ಹಂದಿ ಕೆದಕಿದ ಸಮಾಧಿಯ ಮುಂದೆ ನಿಂತು ಅತ್ತವರ ಎದುರು ಹಕ್ಕಿಯ ಹಣ್ಣಿನ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ತಂತಿ ಒಳಬದಿಯಲ್ಲಿ ಬರಲಿ, ಬೇಲಿ ಹೊರಬದಿಯಲ್ಲಿ ಇರಲಿ, ಅದಕ್ಕಾಗಿ ಮೂರಡಿ ಜಾಗ ಬಿಟ್ಟರೆ ಸಾಕು ಎಂದಿದ್ದೇನೆ. ಮೂರಡಿ ಅಂದರೆ ಒಂದು ಸಾಲು ಸಮಾಧಿ ಕಡಿಮೆಯಾಗುತ್ತದೆ ಎಂದು ಒಬ್ಬರು ಆಗಲೇ ಲೆಕ್ಕ ಹಾಕಿದ್ದಾರೆ. ಅದೂ ನಿಜವೇ. ಸತ್ತವರ ಜಾಗದಿಂದ ಹಕ್ಕಿಗೆ ಪಾಲು ಕೇಳಬಹುದೇ ಎನ್ನುವುದನ್ನು ಸಭೆಯಲ್ಲಿ ಕೂತು ಮಾತಾಡಬೇಕು.

ಇನ್ನೊಂದು ವಿಷಯ ಬಾಕಿ ಇದೆ. ಲಂಟಾನ ಸವರಿದ ತೆಂಕಣ ಮೂಲೆಯ ಎರಡು ಸಮಾಧಿಗಳಲ್ಲಿ ಒಂದರ ತಲೆಯ ಕಡೆ, ಶಿಲುಬೆಗೂ ಚಪ್ಪಡಿಗೂ ನಡುವಿನ ಬಿರುಕಿನಲ್ಲಿ, ಮೊಣಕಾಲೆತ್ತರದ ಗಂಧದ ಸಸಿ ಇದೆ. ಶಿಲುಬೆಯ ಮೇಲೆ ಕೂತ ಹಕ್ಕಿಯ ಕೆಲಸ. ಸೂರಿಮುಳ್ಳಿನ ಬೇರು ಹಿಡಿದು ಚೆನ್ನಾಗಿಯೇ ಎದ್ದಿದೆ. ಬಿಟ್ಟರೆ ಚಪ್ಪಡಿ ಒಡೆಯುತ್ತದೆ. ಆ ಮನೆಯವರು ತಿರುಪ್ಪೂರಿನಲ್ಲಿದ್ದಾರೆ, ನವೆಂಬರ್ 2ಕ್ಕೆ ಬರುತ್ತಾರೆ. ಅವರನ್ನು ಕೇಳದೆ ಯಾರೂ ಮುಟ್ಟಬೇಡಿ ಎಂದು ಹುಡುಗರಿಗೆ ಹೇಳಿ, ಗುರುತಿಗೆ ಸುತ್ತ ನಾಲ್ಕು ಕಲ್ಲಿಟ್ಟು ಬಂದಿದ್ದೇನೆ.

ಮುಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ ಬರುವವರು ಮಚ್ಚಿಗಿಂತ ಗುದ್ದಲಿ ತಂದರೆ ಒಳ್ಳೆಯದು. ಕಾರೆ, ಕವಳೆ, ಎಲಚಿಯ ಬೀಜ ಮನೆಯ ಹತ್ತಿರ ಸಿಕ್ಕಿದರೆ ಹಣ್ಣಿನ ತಿರುಳು ತೊಳೆದು ಕಾಗದದಲ್ಲಿ ಕಟ್ಟಿ ತನ್ನಿ.